ಮಹಾಪೌರರ ಪೀಠ: ಹುಟ್ಟು ಮತ್ತು ಬೆಳವಣಿಗೆ



ಹಳ್ಳಿಗೆ ಸರಪಂಚ, ಪಟ್ಟಣಕ್ಕೆ ನಗರಾಧ್ಯಕ್ಷ, ಮಹಾನಗರಕ್ಕೆ ಮಹಾಪೌರ ಎಂದು ನಾಗರಿಕಶಾಸ್ತ್ರದಲ್ಲಿ ಓದುತ್ತೇವೆ. ಉಮದಿ, ಸಂಖ, ಮಾಡಗ್ಯಾಳದವರಿಗೆ ಸರಪಂಚರು ದಿನವೂ ಕಾಣುವವರು. ಜತ್ತ ಪಟ್ಟಣದವರಿಗೆ ನಗರಾಧ್ಯಕ್ಷರು ಗೊತ್ತು. ಮಹಾಪೌರರನ್ನು ಕಾಣಬೇಕಾದರೆ ಮಾತ್ರ ಸಾಂಗಲಿಗೋ ಸೋಲಾಪುರಕ್ಕೋ ಹೋಗಬೇಕು. ನಮ್ಮ ಅನೇಕ ಮಕ್ಕಳು ಮುಂದಿನ ಶಿಕ್ಷಣಕ್ಕೆ, ಉದ್ಯೋಗಕ್ಕೆ ಹೋಗುವುದು ಇಂತಹ ನಗರಗಳಿಗೇ. ಆದುದರಿಂದ ಈ ಪೀಠದ ಇತಿಹಾಸವನ್ನು ನಾವು ಅರಿತಿರುವುದು ಒಳ್ಳೆಯದು.

ಮೊದಲು ಶಬ್ದವನ್ನು ನೋಡೋಣ. ಪುರದಲ್ಲಿ ವಾಸಿಸುವವನು ‘ಪೌರ’. ವ್ಯಾಕರಣದಲ್ಲಿ ಇದು ತದ್ಧಿತ ಪದ. ಪೌರರಲ್ಲಿ ಹಿರಿಯನು ‘ಮಹಾಪೌರ’. ಇಂಗ್ಲಿಷಿನ ‘ಮೇಯರ್’ ಶಬ್ದಕ್ಕೂ ಮೂಲ ಲ್ಯಾಟಿನ್ ಭಾಷೆಯಲ್ಲಿ ‘ಹೆಚ್ಚಿನವನು, ಹಿರಿಯನು’ ಎಂಬ ಅರ್ಥವೇ ಇದೆ. ಅಂದರೆ ಮಹಾಪೌರನು ಅರಸನಲ್ಲ. ಪೌರರ ನಡುವಿನಿಂದಲೇ ಆರಿಸಿ ಬಂದ ಒಬ್ಬ ಪೌರ.

ನಮ್ಮ ದೇಶಕ್ಕೆ ಈ ಪದವಿ ಬಂದುದು ಮದರಾಸಿನ ಮೂಲಕ. 1688ನೆಯ ಸೆಪ್ಟೆಂಬರ 29ರಂದು ಅಲ್ಲಿ ಕಾರ್ಪೊರೇಶನ್ ಆರಂಭವಾಗಿ, ನಥಾನಿಯಲ್ ಹಿಗಿನ್ಸನ್ ಮೊದಲ ಮೇಯರನಾದನು. ಆಗ ಅದು ಕಂಪನಿ ಸರಕಾರದ ಅನುಕೂಲಕ್ಕಾಗಿ ಹುಟ್ಟಿದ ಪದವಿ. ಜನರ ಮತದ ಮಾತೇ ಇರಲಿಲ್ಲ. 1882ರಲ್ಲಿ ಲಾರ್ಡ್ ರಿಪನ್ನರು ಸ್ಥಳೀಯ ಸ್ವರಾಜ್ಯದ ಠರಾವು ಹೊರಡಿಸಿದ ಮೇಲೆ ಪುರಸಭೆಗಳಲ್ಲಿ ಚುನಾಯಿತ ಸದಸ್ಯರ ಸಂಖ್ಯೆ ಬೆಳೆಯಿತು. ಮುಂಬಯಿ ಪಾಲಿಕೆಯ ಅಧ್ಯಕ್ಷರಿಗೆ ‘ಮೇಯರ್’ ಎಂಬ ಹೆಸರು ಬಂದುದು 1931ರಲ್ಲಿ. ಬೆಂಗಳೂರಿನ ಪೇಟೆ ಮತ್ತು ದಂಡು ಎರಡೂ ಕೂಡಿ 1949ರಲ್ಲಿ ಒಂದೇ ಪಾಲಿಕೆಯಾದಾಗ ಆರ್. ಸುಬ್ಬಣ್ಣನವರು ಅಲ್ಲಿಯ ಮೊದಲ ಮೇಯರರಾದರು.

ನಮ್ಮ ನೆರೆಯ ಸೋಲಾಪುರದ ಕಥೆ ಇನ್ನೂ ರೋಮಾಂಚಕಾರಿ. 1930ನೆಯ ಎಪ್ರಿಲ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪಿನ ಕಾಯದೆ ಮುರಿದರು. ಅದೇ ದಿನ ಸೋಲಾಪುರ ಪುರಸಭೆಯ ಕಟ್ಟಡದ ಮೇಲೆ ಅಣ್ಣಾಸಾಹೇಬ ಭೋಪಟಕರರು ರಾಷ್ಟ್ರಧ್ವಜ ಹಾರಿಸಿದರು. ಮರುತಿಂಗಳು ಆ ನಗರದಲ್ಲಿ ಲಷ್ಕರಿ ಕಾಯದೆ ಜಾರಿಯಾಯಿತು. 1931ನೆಯ ಜನೇವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಈ ನಾಲ್ವರು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ಸೋಲಾಪುರ ಮಹಾನಗರ ಪಾಲಿಕೆಯಾದದ್ದು 1964ರಲ್ಲಿ. 2017ರಲ್ಲಿ ಶೋಭಾ ಬನಶೆಟ್ಟಿಯವರು ಅಲ್ಲಿ ಮಹಾಪೌರರಾದರು. ನಮ್ಮ ಜಿಲ್ಲೆಯಲ್ಲಿ ಸಾಂಗಲಿ, ಮಿರಜ, ಕುಪವಾಡ ಈ ಮೂರೂ ಕೂಡಿ 1998ನೆಯ ಫೆಬ್ರುವರಿ 9ರಂದು ಒಂದು ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದಿತು. ಅದರೊಡನೆ ಮಹಾಪೌರರ ಪೀಠವೂ ಬಂದಿತು.

ಮಹಾಪೌರರ ಅಧಿಕಾರವೇನು? ಅಮೇರಿಕೆಯ ಅನೇಕ ನಗರಗಳಲ್ಲಿ ಮೇಯರನನ್ನು ಜನರೇ ನೇರವಾಗಿ ಆರಿಸುತ್ತಾರೆ. ಆಡಳಿತವೂ ಅವನ ಕೈಯಲ್ಲಿರುತ್ತದೆ. ಮಹಾರಾಷ್ಟ್ರದಲ್ಲಿ ಹಾಗಲ್ಲ. ಜನರು ನಗರಸೇವಕರನ್ನು ಆರಿಸುತ್ತಾರೆ, ನಗರಸೇವಕರು ತಮ್ಮಲ್ಲಿ ಒಬ್ಬರನ್ನು ಎರಡೂವರೆ ವರ್ಷಕ್ಕೆ ಮಹಾಪೌರರನ್ನಾಗಿ ಆರಿಸುತ್ತಾರೆ. ಕರ್ನಾಟಕದ ಪಾಲಿಕೆಗಳಲ್ಲಿ ಬಹುಕಾಲ ಈ ಅವಧಿ ಒಂದೇ ವರ್ಷವಾಗಿತ್ತು. ಮಹಾಪೌರರು ಸಭೆಯನ್ನು ನಡೆಸುತ್ತಾರೆ. ಸಭೆಯ ಠರಾವನ್ನು ಕಾರ್ಯರೂಪಕ್ಕೆ ತರುವವರು ಸರಕಾರ ನೇಮಿಸಿದ ಆಯುಕ್ತರು. ಹಾಗಾದರೆ ಮಹಾಪೌರರು ಕೇವಲ ಶೋಭೆಗೆಂದು ತಿಳಿಯಬಾರದು. ಆಯುಕ್ತರನ್ನು ಎಲ್ಲರೆದುರು ಪ್ರಶ್ನಿಸುವ ಸ್ಥಳವೇ ಆ ಸಭೆ. ಸಭೆಯಿಲ್ಲದಿದ್ದರೆ ಪ್ರಶ್ನೆಯೂ ಇಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮಹಿಳೆಯರಿಗೆ ಮೂರನೆಯ ಒಂದಂಶ ಸ್ಥಾನ ಕಾಯ್ದಿರಿಸಿತು. ಮಹಾರಾಷ್ಟ್ರವು 2011ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಐದು ವರ್ಷದ ಅವಧಿ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕೆಂದೂ ಅದೇ ತಿದ್ದುಪಡಿ ವಿಧಿಸಿದೆ. ಆದರೂ ನಡೆದದ್ದೇನು? ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಮೊದಲಾದ ಕಾರಣಗಳಿಂದ ಚುನಾವಣೆಗಳು ಮುಂದೆ ಹೋದವು. ಸೋಲಾಪುರದಲ್ಲಿ 2022ರ ಮಾರ್ಚದಿಂದ, ಸಾಂಗಲಿಯಲ್ಲಿ 2023ರ ಅಗಸ್ಟದಿಂದ ಮಹಾಪೌರರ ಕುರ್ಚಿ ಬರಿದಾಗಿ ಪ್ರಶಾಸಕರ ಆಡಳಿತ ನಡೆಯಿತು. ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆದೇಶ ಕೊಟ್ಟ ಬಳಿಕ, 2026ನೆಯ ಜನೇವರಿ 15ರಂದು ಮತದಾನವಾಯಿತು. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರದಲ್ಲಿ ಬರಿದಾದ ಕುರ್ಚಿ ತುಂಬುವ ಮೊದಲೇ, 2025ರ ಸೆಪ್ಟೆಂಬರದಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು.

ಬರಿದಾದ ಕುರ್ಚಿಯಿಂದ ಯಾರಿಗೆ ನಷ್ಟ? ನಲ್ಲಿಗೆ ನೀರು ಬರದಿದ್ದರೆ, ಗಟಾರ ತುಂಬಿ ಹರಿದರೆ ಓಣಿಯ ಬಡವರು ಮೊದಲು ಹೋಗುವುದು ನಗರಸೇವಕರ ಮನೆಗೆ. ಆ ಬಾಗಿಲು ಮುಚ್ಚಿದರೆ ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಮನೆಪಟ್ಟಿ, ನೀರಪಟ್ಟಿಗಳನ್ನಂತೂ ಅವರು ತುಂಬುತ್ತಲೇ ಇರುತ್ತಾರೆ.

ಪಾಲಕರಲ್ಲಿ ನಮ್ಮದೊಂದು ವಿನಂತಿ: ಗ್ರಾಮಸಭೆ ನಡೆಯುವ ದಿನ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಠರಾವು ಹೇಗೆ ಆಗುತ್ತದೆ, ಲೆಕ್ಕ ಹೇಗೆ ಕೇಳಬೇಕು ಎಂಬುದನ್ನು ಅವರು ಕಣ್ಣಾರೆ ಕಾಣಲಿ. ಸರಪಂಚರಿಗೆ ಸವಿನಯವಾಗಿ ಪ್ರಶ್ನೆ ಕೇಳಲು ಕಲಿತ ಮಗುವು ನಾಳೆ ಮಹಾನಗರಕ್ಕೆ ಹೋದರೂ ಅಲ್ಲಿ ಬರಿಯ ನಿವಾಸಿಯಾಗದೆ, ನಿಜವಾದ ಪೌರನಾಗಿ ಬಾಳುವುದು.