ಮಧುಮೇಹ: ನೋವು ಕೊಡದೆ ಬರುವ ಕಾಯಿಲೆ

ಕಾಯಿಲೆ ಎಂದರೆ ನೋವು ಅಥವಾ ಜ್ವರ ಇದ್ದೇ ಇರಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಕ್ಕರೆ ಕಾಯಿಲೆ ಅಥವಾ ಸಿಹಿಮೂತ್ರ ರೋಗವೆಂದು ಕರೆಯಲಾಗುವ ಮಧುಮೇಹವು ಅನೇಕರಲ್ಲಿ ವರ್ಷಗಟ್ಟಲೆ ಯಾವ ನೋವನ್ನೂ ಕೊಡದೆ ಅಡಗಿರುತ್ತದೆ. ನೋವಿಲ್ಲದ ಕಾರಣ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದ ಕಾರಣ ಚಿಕಿತ್ಸೆಯಿಲ್ಲ. ಇದೇ ಈ ಕಾಯಿಲೆಯ ದೊಡ್ಡ ಅಪಾಯ.

ಇದು ಪಟ್ಟಣದ ಸಿರಿವಂತರ ಕಾಯಿಲೆಯೆಂಬ ಮಾತು ಈಗ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಾಗಲಿ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಒಕ್ಕಲು ಮನೆಯಾಗಲಿ ಇದಕ್ಕೆ ಹೊರತಲ್ಲ.

ಕಾಯಿಲೆಯ ಸ್ವರೂಪ

ನಾವು ಉಂಡ ಮುದ್ದೆ, ಅನ್ನಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಜಠರದ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸಿ, ಈ ಸಕ್ಕರೆಯು ಅಂಗಾಂಗಗಳಿಗೆ ಒದಗುವಂತೆ ಮಾಡುತ್ತದೆ. ಕೆರೆಗೆ ತೂಬು ಹೇಗೋ ದೇಹಕ್ಕೆ ಇನ್ಸುಲಿನ್ ಹಾಗೆ. ತೂಬು ತೆರೆಯದಿದ್ದರೆ ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ. ನೀರು ಮಿತಿಮೀರಿದರೆ ಏರಿಗೂ ಅಪಾಯ. ಅಂತೆಯೇ ಇನ್ಸುಲಿನ್ ಕಡಿಮೆಯಾದಾಗ ಅಥವಾ ಸರಿಯಾಗಿ ಕೆಲಸ ಮಾಡದಿದ್ದಾಗ ದೇಹ ಸೊರಗುತ್ತದೆ. ರಕ್ತದಲ್ಲಿ ನಿಂತ ಸಕ್ಕರೆಯು ರಕ್ತನಾಳಗಳನ್ನು ಕೆಡಿಸುತ್ತದೆ.

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಯುವುದು, ಆಯಾಸ, ಬೇಗ ಮಾಯದ ಗಾಯ ಇವು ಇದರ ಲಕ್ಷಣಗಳು. ಆದರೆ ಹಲವರಲ್ಲಿ ಇವು ಯಾವುವೂ ಕಾಣುವುದಿಲ್ಲ.

ದೇಹದ ಮೇಲಾಗುವ ಪರಿಣಾಮ

ಅಲಕ್ಷಿಸಿದ ಮಧುಮೇಹವು ಕಣ್ಣಿನ ದೃಷ್ಟಿಯನ್ನು ಕುಗ್ಗಿಸುತ್ತದೆ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ, ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿ ಮಾಡುತ್ತದೆ. ನೇಯ್ಗೆಯವರಿಗೆ ಕಣ್ಣು, ಬೇಸಾಯಗಾರರಿಗೆ ಕಾಲು ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಲಿನ ನರಗಳು ಕೆಟ್ಟಾಗ ಸ್ಪರ್ಶಜ್ಞಾನವೇ ಇಲ್ಲವಾಗುತ್ತದೆ. ಬರಿಗಾಲಿನಲ್ಲಿ ಹೊಲಕ್ಕೆ ಹೋದವನಿಗೆ ಮುಳ್ಳು ಚುಚ್ಚಿದ್ದೇ ತಿಳಿಯದು. ಗಾಯ ಕೀವಾಗಿ ಕೊಳೆತರೂ ನೋಯದು. ಕೊನೆಗೆ ಕಾಲನ್ನೇ ಕತ್ತರಿಸಬೇಕಾದ ಸಂದರ್ಭ ಬರಬಹುದು.

ಆದುದರಿಂದ ಮಧುಮೇಹವಿರುವವರು ಪಾದರಕ್ಷೆಯಿಲ್ಲದೆ ನಡೆಯಬಾರದು. ಪ್ರತಿ ರಾತ್ರಿ ಕಾಲು ತೊಳೆದು ಒರೆಸಿದ ಮೇಲೆ ಗಂಡನ ಅಂಗಾಲನ್ನು ಹೆಂಡತಿಯೂ ಹೆಂಡತಿಯ ಅಂಗಾಲನ್ನು ಗಂಡನೂ ದೀಪದ ಬೆಳಕಿನಲ್ಲಿ ನೋಡುವುದು ಒಳ್ಳೆಯ ಅಭ್ಯಾಸ. ಕಣ್ಣು ಮಂಜಾದವರಿಗೆ ತಮ್ಮ ಅಂಗಾಲು ತಮಗೆ ಕಾಣುವುದಿಲ್ಲ.

ಆಹಾರದ ಬಗ್ಗೆ ತಪ್ಪು ತಿಳುವಳಿಕೆ

ರಾಗಿ ಮುದ್ದೆಯನ್ನು ಎಷ್ಟು ಉಂಡರೂ ಸಕ್ಕರೆ ಏರದೆಂದು ಕೆಲವರು ನಂಬಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶಗಳು ಹೇರಳವಾಗಿರುವುದು ನಿಜ. ಆದರೆ ಅದರಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆಯನ್ನು ಬಿಡಬೇಕಾಗಿಲ್ಲ, ಗಾತ್ರವನ್ನು ಕಿರಿದುಮಾಡಿ, ಸೊಪ್ಪು, ತರಕಾರಿ, ಹುರುಳಿ, ಅವರೆ ಮುಂತಾದ ಕಾಳುಗಳನ್ನು ಹೆಚ್ಚಿಸಬೇಕು. ಸಕ್ಕರೆಯ ಬದಲು ಬೆಲ್ಲ ಹಾಕಿದ ಕಾಫಿ ಕುಡಿಯುವುದರಿಂದ ಪ್ರಯೋಜನವಿಲ್ಲ. ರಕ್ತಕ್ಕೆ ಎರಡೂ ಒಂದೇ. ಮನೆಯಲ್ಲಿ ಒಬ್ಬರಿಗೆ ಪ್ರತ್ಯೇಕ ಅಡುಗೆ ಮಾಡುವುದಕ್ಕಿಂತ ಎಲ್ಲರೂ ಇದೇ ಊಟವನ್ನು ಉಣ್ಣುವುದು ಮೇಲು.

ಗರ್ಭಿಣಿಯರಲ್ಲಿ ಮಧುಮೇಹ

ಮೊದಲು ಕಾಯಿಲೆಯಿಲ್ಲದ ಸ್ತ್ರೀಯರಿಗೂ ಗರ್ಭಾವಸ್ಥೆಯಲ್ಲಿ ಸಕ್ಕರೆಯ ಪ್ರಮಾಣ ಏರಬಹುದು. ಇದರಿಂದ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಮಗುವಿನ ರಕ್ತದಲ್ಲಿ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಮೊದಲ ತಪಾಸಣೆಯಲ್ಲಿಯೂ, ಮತ್ತೆ 24ರಿಂದ 28ನೆಯ ವಾರದೊಳಗೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗಳ ಬಳಿಕ ರಕ್ತ ಪರೀಕ್ಷಿಸುತ್ತಾರೆ. ಪ್ರಮಾಣವು 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಅವಶ್ಯಕ. ಇದು ಸೊಸೆಯ ತಪ್ಪಲ್ಲ. ಅತ್ತೆಮಾವಂದಿರೂ ಪತಿಯೂ ಅವಳನ್ನು ದೂಷಿಸಬಾರದು. ಹೆರಿಗೆಯ ನಂತರ ಸಕ್ಕರೆ ಇಳಿದರೂ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು. ಆದ್ದರಿಂದ ಆರು ವಾರಗಳ ಬಳಿಕ ಪರೀಕ್ಷಿಸಿಕೊಂಡು, ಅನಂತರವೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ಮಧುಮೇಹ. ವೈದ್ಯರು ಕೊಟ್ಟ ಮಾತ್ರೆಗಳನ್ನು 'ಈಗ ಚೆನ್ನಾಗಿದ್ದೇನೆ' ಎಂದು ನಿಲ್ಲಿಸಬಾರದು. ಚೆನ್ನಾಗಿರುವುದು ಮಾತ್ರೆಯ ಫಲ. ಇನ್ಸುಲಿನ್ ಚುಚ್ಚುಮದ್ದು ಎಂದರೆ ಕೊನೆಗಾಲವೆಂದು ಹೆದರಬೇಕಾಗಿಲ್ಲ. 1922ರಲ್ಲಿ ಮೊದಲ ಬಾರಿ ಇದನ್ನು ರೋಗಿಗೆ ಕೊಟ್ಟಂದಿನಿಂದ ಇದು ಲಕ್ಷಾಂತರ ಜೀವಗಳನ್ನು ಉಳಿಸಿದೆ. ಔಷಧಿ ತೆಗೆದುಕೊಂಡು ಊಟ ತಪ್ಪಿಸಿದಾಗ ಬೆವರು, ನಡುಕ, ತಲೆಸುತ್ತು ಬಂದರೆ ಸಕ್ಕರೆ ಕುಸಿದಿದೆಯೆಂದು ತಿಳಿದು ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ದಂಪತಿಗಳಲ್ಲಿ ಒಂದು ವಿನಂತಿ

ಒಂದು ದಿನದ ಕೂಲಿ ಹೋದೀತೆಂದು ಗಂಡ ಪರೀಕ್ಷೆಗೆ ಹೋಗುವುದಿಲ್ಲ. ಖರ್ಚಿಗೆ ಹೊರೆಯಾದೇನೆಂದು ಹೆಂಡತಿ ಆಯಾಸವನ್ನು ಹೇಳಿಕೊಳ್ಳುವುದಿಲ್ಲ. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯನ್ನು ಉಚಿತವಾಗಿ ಮಾಡಲಾಗುತ್ತದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಇಬ್ಬರೂ ಒಂದೇ ದಿನ ಜೊತೆಯಾಗಿ ಹೋಗಿರಿ. ಒಂದು ಹನಿ ರಕ್ತದ ಪರೀಕ್ಷೆಯು ಕಣ್ಣನ್ನೂ ಕಾಲನ್ನೂ ಸಂಸಾರವನ್ನೂ ಕಾಯಬಲ್ಲದು.