ಮಳೆಯ ಲೆಕ್ಕ

ಕೊಡಗಿನ ಕಾಫಿ ತೋಟಗಳ ಕಚೇರಿಗಳಲ್ಲಿ ಕೂಲಿಯ ಪಟ್ಟಿ, ಗೊಬ್ಬರದ ಲೆಕ್ಕಗಳ ಜೊತೆಗೆ ಮತ್ತೊಂದು ಪುಸ್ತಕವಿರುವುದುಂಟು. ಅದು ಮಳೆಯ ಲೆಕ್ಕದ ಪುಸ್ತಕ. ದಿನವೂ ಬೆಳಿಗ್ಗೆ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವರು. ಇಂಚಿನ ನೂರನೆಯ ಒಂದು ಭಾಗವೇ ಸೆಂಟು.

ಇದನ್ನು ಬರಿಯ ಹವ್ಯಾಸವೆಂದು ತಿಳಿಯಲಾಗದು. ರೊಬಸ್ಟಾ ಕಾಫಿಯ ಮೊಗ್ಗುಗಳು ಬೇಸಗೆಯ ಒಣಹವೆಯಲ್ಲಿ ಮುಚ್ಚಿಕೊಂಡೇ ಇರುತ್ತವೆ. ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಸುಮಾರು ಒಂದು ಇಂಚು ಮಳೆ ಬಿದ್ದರೆ, ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುವುದು. ಇದೇ ಹೂಮಳೆ. ಕೆಲವೇ ಸೆಂಟು ಹನಿದು ನಿಂತರೆ ಮೊಗ್ಗು ಅರಳದೆ ಕೆಡುವುದು. ಗಾಳಿ, ಜೇನುಗಳ ಮೂಲಕ ಒಂದು ಗಿಡದ ಪರಾಗ ಇನ್ನೊಂದನ್ನು ಸೇರಿದರೆ ಮಾತ್ರ ರೊಬಸ್ಟಾ ಕಾಯಿ ಕಟ್ಟುವುದಾದ್ದರಿಂದ, ಹೂ ಅರಳಿದ ದಿನವೇ ಮಳೆ ಸುರಿದರೂ ನಷ್ಟವೇ. ಮುಂದೆ ಎರಡು ಮೂರು ವಾರಗಳಲ್ಲಿ ಮತ್ತೊಂದು ಮಳೆ ಬೇಕು.

ಹೂಮಳೆ ಬಾರದಿದ್ದರೆ ತುಂತುರು ನೀರಾವರಿಯೇ ಗತಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು! ಪಂಪಿಗೆ ಡೀಸೆಲ್ ಬೇಕು, ಕೆರೆ ಬರಿದಾಗುವುದು. ನೀರು ಹಾಯಿಸಿದ ಮರುದಿನವೇ ಮಳೆ ಬಂದರೆ ವೆಚ್ಚವೆಲ್ಲ ವ್ಯರ್ಥ. ಕಾಯುತ್ತ ಕುಳಿತರೆ ವರ್ಷದ ಬೆಳೆಯೇ ಹೋದೀತು. ಆಗ ಬೆಳೆಗಾರನು ಪುಸ್ತಕವನ್ನು ತೆರೆಯುವನು. ಹಿಂದಿನ ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಮಾರ್ಚಿ 10ರೊಳಗೆ ಮಳೆಯಾಗಿದೆ? ತಡವಾದ ವರ್ಷಗಳಲ್ಲಿ ಫಸಲು ಎಷ್ಟು ಬಂದಿತು? ಕೆರೆಯ ನೀರು ಎಲ್ಲಕ್ಕೂ ಸಾಲದಿದ್ದರೆ, ಯಾವ ಬ್ಲಾಕಿಗೆ ಮೊದಲು ಹಾಯಿಸಬೇಕು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪ್ರತಿ ಬ್ಲಾಕಿನ ಫಸಲನ್ನೂ ಬೇರೆಬೇರೆಯಾಗಿ ತೂಗಿ ಬರೆದಿರಬೇಕು.

ನಮ್ಮಲ್ಲಿ ನೆನಪನ್ನೇ ನಂಬುವವರು ಹೆಚ್ಚು. "ಹಿಂದೆಲ್ಲ ಶಿವರಾತ್ರಿಗೆ ತಪ್ಪದೆ ಮಳೆ ಬರುತ್ತಿತ್ತು" ಎನ್ನುವವರನ್ನು ನೀವೂ ಕಂಡಿರಬಹುದು. ನೆನಪು ಒಳ್ಳೆಯ ವರ್ಷಗಳನ್ನೇ ಆಯ್ದು ಇಟ್ಟುಕೊಳ್ಳುತ್ತದೆ. ಪುಸ್ತಕಕ್ಕೆ ಆ ದಾಕ್ಷಿಣ್ಯವಿಲ್ಲ.

ಬಾಳೆಹೊನ್ನೂರಿನಲ್ಲಿ 1925ರಲ್ಲಿಯೂ ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಲ್ಲಿಯೂ ಆರಂಭವಾದ ಕಾಫಿ ಸಂಶೋಧನಾ ಕೇಂದ್ರಗಳು ಇಂತಹ ಅನುಭವಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿವೆ. ಕಾಫಿ ಮಂಡಳಿಯು ಹೂ ಬಿಟ್ಟ ಮೇಲೊಮ್ಮೆ, ಮುಂಗಾರು ಕಳೆದ ಮೇಲೊಮ್ಮೆ ಬೆಳೆಯ ಅಂದಾಜು ಮಾಡುವುದೂ ಇದೇ ಕ್ರಮದ ವಿಸ್ತಾರ.

ಆದರೆ ಹಳೆಯ ಅಂಕಿಗಳಿಗೂ ಒಂದು ಮಿತಿಯುಂಟು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಕುಸಿದಾಗ, ಎಷ್ಟೋ ತೋಟಗಳು ಬುಡಸಹಿತ ಜಾರಿಹೋದವು. ಅಂದಿನಿಂದ ಮಳೆಯ ಪುಸ್ತಕವನ್ನು ನೋಡುವ ಕಣ್ಣೇ ಬೇರೆಯಾಗಿದೆ: ಒಟ್ಟು ಎಷ್ಟು ಬಿದ್ದಿತು ಎನ್ನುವುದರೊಂದಿಗೆ, ಎಷ್ಟು ದಿನಗಳಲ್ಲಿ ಬಿದ್ದಿತು ಎಂದೂ ಕೇಳುವರು.

ಮಳೆ ಬಾರದ ದಿನವೂ ಪುಸ್ತಕದಲ್ಲಿ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟರೆ, ಮಳೆ ಬರಲಿಲ್ಲವೋ ಅಳೆಯುವವನು ಬರಲಿಲ್ಲವೋ ಎಂಬುದು ಮುಂದೆ ಓದುವವರಿಗೆ ತಿಳಿಯುವುದಿಲ್ಲ.