ಹಳೆಯ ಕೊಟ್ಟಿಗೆಯನ್ನು ಕೋಳಿಗೂಡಾಗಿ ಮಾಡುವ ಕ್ರಮ

ನಮ್ಮ ಹಳ್ಳಿಗಳಲ್ಲಿ ಈಗ ಬರಿದಾಗಿ ನಿಂತಿರುವ ದನದ ಕೊಟ್ಟಿಗೆಗಳು ಅನೇಕ. ಉಳುವದಕ್ಕೆ ಟ್ರಾಕ್ಟರು ಬಂದ ಮೇಲೆ ಎತ್ತುಗಳು ಮಾರಲ್ಪಟ್ಟವು. ಗೋದಲಿಯಲ್ಲಿ ಹುಲ್ಲಿಲ್ಲ, ಗೂಟದಲ್ಲಿ ಹಗ್ಗವಿಲ್ಲ. ಇಂಥ ಕೊಟ್ಟಿಗೆಯನ್ನು ನೋಡುವಾಗ, "ಗೋಡೆ ಇದೆ, ಮಾಡು ಇದೆ, ಬಾಗಿಲು ಇದೆ, ಇದರಲ್ಲಿ ಇಪ್ಪತ್ತು ಕೋಳಿಗಳನ್ನು ಸಾಕಿದರೆ ಏನು?" ಎಂಬ ಯೋಚನೆಯು ಮನೆಯವರಿಗೆ ಸಹಜವಾಗಿ ಬರುವದು. ಯೋಚನೆಯು ಒಳ್ಳೇದೇ. ಆದರೆ ದನಕ್ಕೆ ತಕ್ಕ ಸ್ಥಳವು ಕೋಳಿಗೂ ತಕ್ಕದ್ದೆಂದು ಎಣಿಸಿ ನಾವು ಒಂದು ಸಾರಿ ಮೋಸಹೋದೆವು. ಆ ನಷ್ಟವು ನಿಮಗೆ ಬಾರದಂತೆ ಈ ಪಾಠವನ್ನು ಬರೆಯುತ್ತೇವೆ.

ನಮ್ಮ ಕೊಟ್ಟಿಗೆಯು 12 ಅಡಿ ಉದ್ದ, 10 ಅಡಿ ಅಗಲ. ಮಣ್ಣಿನ ಗೋಡೆ, ಹೆಂಚಿನ ಮಾಡು, ಒಂದೇ ಬೆಳಕಿಂಡಿ. ಎತ್ತುಗಳಿದ್ದ ಕಾಲದಲ್ಲಿ ನಾಲ್ಕಾರು ನಾಟಿ ಕೋಳಿಗಳೂ ಅದರ ಮೂಲೆಯಲ್ಲಿ ಮಲಗುತ್ತಿದ್ದವು. ಆಮೇಲೆ ಅದು ಒಂದು ವರುಷ ಬರಿದಾಗಿತ್ತು. ಮನೆಯ ಹೆಂಗಸರು ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು 18 ಹೇಟೆಗಳನ್ನು ಕೊಂಡುತಂದರು. ಮುಂಗುಸಿಯ ಭಯದಿಂದ ನಾವು ಗೋಡೆಯ ತೂತುಗಳನ್ನು ಮುಚ್ಚಿದೆವು. ಮಳೆ ಹಿಡಿದಾಗ ಬೆಳಕಿಂಡಿಗೂ ಗೋಣೀಚೀಲವನ್ನು ತೂಗಹಾಕಿದೆವು. ಕೆಲವು ವಾರಗಳಲ್ಲಿ ಕೋಳಿಗಳು ಸಂಜೆಯಾದರೂ ಒಳಗೆ ಹೋಗಲೊಲ್ಲದೆ ಹಲಸಿನ ಮರವನ್ನು ಹತ್ತತೊಡಗಿದವು. ಅದು ಅವುಗಳ ಮೊಂಡತನವೆಂದು ತಿಳಿದು ನಾವು ಕೋಲು ಹಿಡಿದು ಒಳಗೆ ಅಟ್ಟಿದೆವು. ಮಳೆಗಾಲ ತೀರುವಷ್ಟರಲ್ಲಿ 11 ಕೋಳಿಗಳು ಸತ್ತುಹೋದವು. ಸತ್ತ ಕೋಳಿಗಳ ಕಂತನ್ನು ಮುಂದಿನ ಸುಗ್ಗಿಯ ವರೆಗೆ ಕಟ್ಟಬೇಕಾಯಿತು.

ಕಡೆಗೆ ಒಂದು ರಾತ್ರಿ ನಾವು ದೀಪ ಹಿಡಿದು ಒಳಗೆ ಹೋಗಿ ಮೊಣಕಾಲೂರಿ ಕುಳಿತೆವು. ಕೋಳಿಯ ತಲೆ ಇರುವ ಮಟ್ಟದಲ್ಲಿ ಕಣ್ಣು ಉರಿಯುವಷ್ಟು ಘಾಟು ತುಂಬಿತ್ತು. ಗೋಡೆಯ ಸಣ್ಣ ಬಿರುಕುಗಳಿಂದ ಉಣ್ಣೆಗಳು ಹೊರಟು ಕೋಳಿಗಳ ಕಾಲುಗಳಿಗೆ ಹತ್ತುತ್ತಿದ್ದವು. ಕೋಳಿಗಳಿಗೆ ತಿಳಿದದ್ದು ನಮಗೆ ತಿಳಿದಿರಲಿಲ್ಲ. ಆದಕಾರಣ ಈ ಪಾಠದ ಮುಖ್ಯ ಮಾತು ಇದು: ಕೊಟ್ಟಿಗೆಯನ್ನು ಹಗಲಲ್ಲಿ ನಿಂತು ನೋಡಿದರೆ ಸಾಲದು, ರಾತ್ರಿಯಲ್ಲಿ ಕುಳಿತೂ ಮಳೆಯಲ್ಲಿ ನಿಂತೂ ನೋಡತಕ್ಕದ್ದು.

1. ಶುದ್ಧಮಾಡುವದು

ಕೋಳಿಯ ಉಣ್ಣೆಯು ಹಗಲಲ್ಲಿ ಬಿರುಕಿನೊಳಗೆ ಅಡಗಿಕೊಂಡು ರಾತ್ರಿಯಲ್ಲಿ ಹೊರಟು ರಕ್ತ ಹೀರುವದು. ಆಹಾರವಿಲ್ಲದೆ ಒಂದು ವರುಷಕ್ಕಿಂತಲೂ ಹೆಚ್ಚು ಕಾಲ ಅದು ಬದುಕಬಲ್ಲದು, ಜ್ವರವನ್ನೂ ಹರಡಿಸುವದು. ಹೀಗಿರುವದರಿಂದ ಗೂಡನ್ನು ಬರಿದಾಗಿ ಬಿಟ್ಟ ಮಾತ್ರಕ್ಕೆ ಅದು ಸಾಯುವದೆಂದು ನಂಬಬಾರದು. ಗೋದಲಿ, ಹಳೆಯ ಹಲಗೆ, ಹರಕು ಚೀಲಗಳನ್ನೆಲ್ಲಾ ಹೊರಗೆ ಹಾಕಿರಿ. ಗೋಡೆಯನ್ನು ಕೆರೆದು, ಪ್ರತಿಯೊಂದು ಬಿರುಕನ್ನೂ ಗಾರೆಯಿಂದ ತುಂಬಿ, ಎರಡು ಸಾರಿ ಸುಣ್ಣ ಬಳಿಯಿರಿ. ಕಂಬ ತೊಲೆಗಳ ಸಂದುಗಳನ್ನು ಮರೆಯಬೇಡಿರಿ. ಆದರೂ ಉಣ್ಣೆ ಉಳಿದರೆ ಪಶುವೈದ್ಯರನ್ನು ಕೇಳಿ ಅವರು ಹೇಳಿದ ಔಷಧವನ್ನೇ ಹೊಡೆಯಿರಿ. ಹೊಲಕ್ಕೆ ತಂದ ವಿಷವನ್ನು ಗೂಡಿನೊಳಗೆ ಹೊಡೆಯಬಾರದು. ಹೊಲದ ಔಷಧದ ಚೀಲಗಳು ಹಿಂದೆ ಇಡಲ್ಪಟ್ಟಿದ್ದ ಮೂಲೆಯ ಮಣ್ಣನ್ನೂ ಬಿದ್ದ ಮೊಳೆಗಳನ್ನೂ ತೆಗೆದುಹಾಕಿರಿ. ಯಾಕಂದರೆ ಕೋಳಿಯು ಕೆದಕದ ನೆಲವಿಲ್ಲ, ಕುಕ್ಕದ ವಸ್ತುವಿಲ್ಲ.

2. ನೆಲ

ದನದ ಕೊಟ್ಟಿಗೆಯ ನೆಲವು ಗಂಜಲ ಹರಿದುಹೋಗುವಂತೆ ಇಳಿಜಾರಾಗಿರುವದು. ವರುಷಗಟ್ಟಲೆ ಗಂಜಲ ಕುಡಿದ ಆ ಮಣ್ಣು ಮಳೆಗಾಲದಲ್ಲಿ ತೇವವನ್ನು ಮೇಲಕ್ಕೆ ಬಿಡುವದು. ಅರ್ಧ ಅಡಿಯಷ್ಟು ಮಣ್ಣನ್ನು ಅಗೆದು ಹೊಲಕ್ಕೆ ಹಾಕಿರಿ. ಅದು ಒಳ್ಳೆಯ ಗೊಬ್ಬರ. ಕಲ್ಲುಚೂರು ತುಂಬಿ, ಮಣ್ಣು ಹಾಕಿ ದಮ್ಮಸು ಮಾಡಿ, ಹೊರಗಣ ಅಂಗಳಕ್ಕಿಂತ ಒಂದು ಅಡಿ ಎತ್ತರ ಮಾಡಿರಿ. ಅದರ ಮೇಲೆ ಚೆನ್ನಾಗಿ ಒಣಗಿದ ಭತ್ತದ ಹೊಟ್ಟನ್ನಾಗಲಿ ಶೇಂಗಾ ಸಿಪ್ಪೆಯನ್ನಾಗಲಿ ನಾಲ್ಕು ಅಂಗುಲ ಹರಡಿ, ಎರಡು ದಿವಸಕ್ಕೊಮ್ಮೆ ಕೆದಕಿ ತಿರುವಿರಿ. ಹಿಕ್ಕೆಯು ಒದ್ದೆಯಾದರೆ ಅಮೋನಿಯಾ ಎಂಬ ಘಾಟಿನ ಅನಿಲವು ಹುಟ್ಟಿ ಕೋಳಿಯ ಕಣ್ಣನ್ನೂ ಉಸಿರುಗೊಳವೆಯನ್ನೂ ಸುಡುವದು. ಪರೀಕ್ಷೆಯು ಸುಲಭ: ಒಂದು ಹಿಡಿ ಹೊಟ್ಟನ್ನು ಹಿಸುಕಿ ಕೈ ಬಿಚ್ಚಿದರೆ ಅದು ಉದುರಿಹೋಗಬೇಕು. ಉಂಡೆಯಾಗಿ ನಿಂತರೆ ಒದ್ದೆಯಾದದ್ದನ್ನು ತೆಗೆದು ಒಣಗಿದ್ದನ್ನು ಹಾಕಿರಿ.

3. ಗಾಳಿಯೂ ಬೆಳಕೂ

ಕೋಳಿಗೆ ಬೆವರುವ ಶಕ್ತಿ ಇಲ್ಲ. ಸೆಕೆಯಾದರೆ ಬಾಯಿ ತೆರೆದು ಏದುವದೇ ಅದರ ಉಪಾಯ. ನಮ್ಮ ಸೀಮೆಯಲ್ಲಿ ಒಣಗಿದ ಕೋಳಿಯನ್ನು ಚಳಿ ಕೊಲ್ಲುವದು ಅಪರೂಪ. ತೇವವೂ ಉಸಿರುಕಟ್ಟುವ ಗೂಡೂ ಹೆಚ್ಚಾಗಿ ಕೊಲ್ಲುವವು. ಆದದರಿಂದ ಎದುರುಬದುರಾದ ಎರಡು ಗೋಡೆಗಳಲ್ಲಿ, ಸೂರಿನ ಕೆಳಗೆ, ಉದ್ದವಾದ ಕಿಂಡಿಗಳನ್ನು ಬಿಡತಕ್ಕದ್ದು. ಮಣ್ಣಿನ ಗೋಡೆಯು ಮಾಡಿನ ಭಾರವನ್ನು ಹೊತ್ತಿರುವದರಿಂದ, ಒಡೆಯುವ ಮುಂಚೆ ತೊಲೆಗೆ ಕಂಬದ ಆಸರೆ ಕೊಡಿರಿ. ಕಿಂಡಿಯು ಮಲಗಿದ ಕೋಳಿಯ ತಲೆಗಿಂತ ಮೇಲಿರಲಿ. ಆಗ ಕೆಟ್ಟ ಗಾಳಿ ಹೊರಟುಹೋಗುವದು, ಬೀಸುಗಾಳಿ ಮೈಗೆ ತಾಕದು. ಮಳೆಯ ಇರಚಲು ಬಂದರೆ ಗೋಣಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ, ಮೇಲ್ಗಡೆ ಒಂದು ಅಡಿ ತೆರೆದೇ ಇಡಿರಿ. ನಾವು ಮಾಡಿದ್ದು ಇದಕ್ಕೆ ತೀರಾ ವಿರೋಧ. ಮಾಡಿನಲ್ಲಿ ಎರಡು ಗಾಜಿನ ಹೆಂಚುಗಳನ್ನು ಹಾಕಿದರೆ ಬೆಳಕಿಗೂ ಸಾಕಾಗುವದು. ಹಳೆಯ ಕಲ್ನಾರು ತಗಡಿನ ಮಾಡಾದರೆ ಅದನ್ನು ಒಡೆಯಬೇಡಿರಿ, ಕೊರೆಯಬೇಡಿರಿ. ಅದರ ಧೂಳು ಮನುಷ್ಯರ ಶ್ವಾಸಕೋಶಕ್ಕೆ ಹಾನಿಕರ.

4. ಶತ್ರುಗಳು

ಕಿಂಡಿ ಬಿಟ್ಟರೆ ಮುಂಗುಸಿ ಬರುವದಲ್ಲವೋ ಎಂದು ಕೇಳುವಿರಿ. ತಂತಿಯ ಜಾಲರಿಯನ್ನು ಹೊಡೆದರೆ ಬಾರದು. ಆದರೆ ಜಾಲರಿಯ ಕಣ್ಣು ಅರ್ಧ ಅಂಗುಲದ್ದಾಗಿರಲಿ. ದೊಡ್ಡ ಕಣ್ಣಿನ ಬಲೆಯು ಕೋಳಿಯನ್ನು ತಡೆಯುವದೇ ಹೊರತು ಇಲಿಯನ್ನೂ ಹಾವನ್ನೂ ತಡೆಯದು. ಗಂಜಲ ಹೋಗುವ ತೂತೇ ಮುಂಗುಸಿಗೆ ರಾಜಬೀದಿ. ಅದನ್ನು ಕಲ್ಲುಗಾರೆಯಿಂದ ಮುಚ್ಚಿರಿ. ಗೋಡೆಯ ಬುಡದಲ್ಲಿ ಒಂದು ಅಡಿ ಆಳಕ್ಕೆ ಕಲ್ಲು ಹೂಳಿದರೆ ಹೆಗ್ಗಣವು ತೋಡದು. ಕಾಡುಬೆಕ್ಕು ಹೆಂಚು ಸರಿಸುವ ಊರಾದರೆ ಮಾಡಿನ ಕೆಳಗೂ ಜಾಲರಿ ಬೇಕು. ಉಳಿದ ಕಾಳನ್ನು ರಾತ್ರಿಯಲ್ಲಿ ಒಳಗೆ ಬಿಡಬಾರದು. ಕಾಳಿಗೆ ಇಲಿ ಬರುವದು, ಇಲಿಗೆ ಹಾವು ಬರುವದು.

5. ಒಳಗಣ ಏರ್ಪಾಡು

ಕೋಳಿಗಳು ಕೂರುವದಕ್ಕೆ ಎರಡು ಅಂಗುಲ ದಪ್ಪದ ನಯವಾದ ಗಳಗಳನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಕಟ್ಟಿರಿ. ಒಂದು ಎತ್ತರ, ಒಂದು ತಗ್ಗು ಆದರೆ ಮೇಲಿನ ಸ್ಥಾನಕ್ಕಾಗಿ ಪ್ರತಿ ಸಂಜೆ ಜಗಳ ನಡೆಯುವದು. ಒಂದೊಂದು ಕೋಳಿಗೆ 8ರಿಂದ 10 ಅಂಗುಲ ಸ್ಥಳ ಬೇಕು. ಗಿರಿರಾಜದಂಥ ಭಾರವಾದ ಜಾತಿಗೆ ಗಳವು ಇನ್ನೂ ತಗ್ಗಾಗಿರಲಿ. ಎತ್ತರದಿಂದ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುವದು. ಮೊಟ್ಟೆಯಿಡಲು ಐದು ಹೇಟೆಗಳಿಗೆ ಒಂದರಂತೆ, ಒಂದು ಅಡಿ ಚೌಕದ ಪೆಟ್ಟಿಗೆಗಳನ್ನು ಮಬ್ಬು ಮೂಲೆಯಲ್ಲಿ ಗಳಕ್ಕಿಂತ ಕೆಳಗೆ ಇಡಿರಿ. ಮೇಲಿಟ್ಟರೆ ಕೋಳಿಗಳು ಅವುಗಳಲ್ಲೇ ಮಲಗಿ ಹೊಲಸು ಮಾಡುವವು. ನಮ್ಮ ಕೊಟ್ಟಿಗೆಯು 120 ಚದರ ಅಡಿ. ಮಳೆಗಾಲದಲ್ಲಿ ದಿನವೆಲ್ಲಾ ಒಳಗಿರಬೇಕಾಗುವದರಿಂದ ಒಂದಕ್ಕೆ ನಾಲ್ಕು ಚದರ ಅಡಿಯಂತೆ ಎಣಿಸಿ 30ಕ್ಕಿಂತ ಹೆಚ್ಚು ಇಡಬಾರದೆಂದು ನಿಶ್ಚಯಿಸಿದೆವು.

6. ಲಸಿಕೆ

ಗೂಡು ಎಷ್ಟು ಒಳ್ಳೇದಾದರೂ ರಾಣಿಖೇತ ರೋಗವನ್ನು ಗೋಡೆಯು ತಡೆಯದು. ಇದು 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲಿನಲ್ಲಿಯೂ ಕಾಣಿಸಿಕೊಂಡಿತು; ಅನಂತರ ಹಿಮಾಲಯದ ಸೀಮೆಯ ರಾಣಿಖೇತ ಎಂಬ ಊರಲ್ಲಿ ಗುರುತಿಸಲ್ಪಟ್ಟದ್ದರಿಂದ ನಮ್ಮ ದೇಶದಲ್ಲಿ ಆ ಹೆಸರಾಯಿತು. ಬಂದ ಮೇಲೆ ಔಷಧವಿಲ್ಲ. ಬಾರದಂತೆ ಮಾತ್ರ ಮಾಡಬಹುದು. ಮರಿಗಳಿಗೆ 5ರಿಂದ 7ನೆಯ ದಿವಸದೊಳಗೆ ಕಣ್ಣಿಗಾಗಲಿ ಮೂಗಿಗಾಗಲಿ ಒಂದು ತೊಟ್ಟು ಲಸಿಕೆಯನ್ನೂ, ಸುಮಾರು 8ನೆಯ ವಾರದಲ್ಲಿ ಸೂಜಿಮದ್ದನ್ನೂ ಪಶು ಆಸ್ಪತ್ರೆಯವರ ಸಲಹೆಯಂತೆ ಹಾಕಿಸಿರಿ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತರತಕ್ಕದ್ದು. ಬಿಸಿಲಲ್ಲಿ ತಂದದ್ದು ಬರೀ ನೀರು. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿದ ಮೇಲೆಯೇ ಗುಂಪಿಗೆ ಸೇರಿಸಿರಿ.

ಈ ಕೆಲಸಗಳನ್ನೆಲ್ಲಾ ಮುಗಿಸುವದಕ್ಕೆ ನಮಗೆ ಒಂದು ಬೇಸಿಗೆ ಹಿಡಿಯಿತು. ಸುಣ್ಣ, ಜಾಲರಿ, ಗಾಜಿನ ಹೆಂಚುಗಳಿಗೆ ಹಣ ಬೇಕಾಯಿತು. ಉಳಿದದ್ದು ಮೈಯ ದುಡಿಮೆ. ಉಳಿದಿದ್ದ 7 ಕೋಳಿಗಳಿಂದಲೇ ತಿರಿಗಿ ಆರಂಭಿಸಿದೆವು. ಮೊದಲನೆಯ ಸಂಜೆ ನಾವು ಕೋಲು ಹಿಡಿಯದೆ ಅಂಗಳದಲ್ಲಿ ಸುಮ್ಮನೆ ನಿಂತೆವು. ಕತ್ತಲಾಗುತ್ತಾ ಒಂದು ಹೇಟೆ ಬಾಗಿಲ ಬಳಿ ನಿಂತು, ಕತ್ತು ಚಾಚಿ ಒಳಗೆ ನೋಡಿ, ಮೆಲ್ಲಗೆ ಒಳಹೊಕ್ಕಿತು. ಮಿಕ್ಕವು ಅದನ್ನು ಹಿಂಬಾಲಿಸಿದವು. ಹಲಸಿನ ಮರಕ್ಕೆ ಒಂದೂ ಹೋಗಲಿಲ್ಲ. ಗೂಡು ಸರಿಯಾಯಿತೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಕಾಗಲಿಲ್ಲ.

ಕಲಿತದ್ದನ್ನು ಪರೀಕ್ಷಿಸುವದಕ್ಕೆ ಕೆಲವು ಪ್ರಶ್ನೆಗಳು

1. ಕೋಳಿಗಳು ಸಂಜೆಯಲ್ಲಿ ಗೂಡಿಗೆ ಹೋಗಲೊಲ್ಲದಿದ್ದರೆ ಮೊದಲು ಏನು ಮಾಡತಕ್ಕದ್ದು?
2. ಒಂದು ವರುಷ ಬರಿದಾಗಿದ್ದ ಗೂಡಿನಲ್ಲಿಯೂ ಉಣ್ಣೆ ಉಳಿದಿರುವದು ಹೇಗೆ?
3. ಹೊಟ್ಟು ಒದ್ದೆಯಾಗಿದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಯಾವದು?
4. ಮಳೆಗಾಲದಲ್ಲಿ ಗೋಣಿಯನ್ನು ಮೇಲಿನಿಂದ ತೂಗಹಾಕದೆ ಕೆಳಗಿನಿಂದ ಕಟ್ಟುವದು ಯಾಕೆ?
5. ನಿಮ್ಮ ಮನೆಯ ಕೊಟ್ಟಿಗೆಯ ಉದ್ದಗಲಗಳನ್ನು ಅಳೆಯಿರಿ. ಅದರಲ್ಲಿ ಎಷ್ಟು ಕೋಳಿಗಳು ಸುಖವಾಗಿ ಇರಬಹುದು?